ಹಾಲುಬಿಳುಪು

"ಎಷ್ಟು ಬೆಳ್ಳಗಿದೆ ನೋಡಿ ಅತ್ತಿಗೆ, ಹಾಲಿನ ಹಾಗೆ," ಎನ್ನುತ್ತ ಮೈದುನ ತನ್ನ ಹೊಸ ಪಟ್ಟಿಯನ್ನು ತಿಂಡಿಯ ಮೇಜಿನ ಮೇಲೆ, ತಟ್ಟೆ ಲೋಟಗಳ ನಡುವೆಯೇ ಹರಡಿದಾಗ ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಚಾಕು ಬ್ರೆಡ್ಡಿನ ಅಂಚಿಗೆ ಬಂದು ನಿಂತಿತು. ಮೈದುನನ ಕೆಲಸ ಎತ್ತರದ ಕಟ್ಟಡಗಳ ಗಾಜು ಒರೆಸುವುದು; ಮೇಲಿನಿಂದ ಹಗ್ಗ ಇಳಿಬಿಟ್ಟು, ಸೊಂಟಕ್ಕೂ ತೊಡೆಗೂ ಇಂಥದೊಂದು ಪಟ್ಟಿ ಬಿಗಿದುಕೊಂಡು, ಪಕ್ಕದಲ್ಲಿ ಬಕೀಟು ತೂಗಿಸಿಕೊಂಡು ದಿನವಿಡೀ ನೇತಾಡುವುದು. ಅವಳ ಕೆಲಸ ಅಂಥ ಪಟ್ಟಿಗಳಿಗೆ ಹೋಗುವ ಪಾಲಿಯೆಸ್ಟರ್ ನೂಲನ್ನು ಕಾರ್ಖಾನೆಯ ಪರೀಕ್ಷಾಕೋಣೆಯಲ್ಲಿ ಎಳೆದು, ಹರಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಸರಿಯಿದೆ ಎಂದು ಸಹಿ ಹಾಕುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದಕ್ಕೆ ಕಾರ್ಖಾನೆಯವರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಅಮ್ಮಾ ಅನ್ನುವವರು, ಬೆನ್ನು ತಿರುಗಿಸಿದರೆ ಭೂತಗನ್ನಡಿ. ಸಿಟ್ಟು ಬಂದ ದಿನ ಗನ್ನಡಿ ಬಿಟ್ಟು ಬರೀ ಭೂತ. ಅವಳಿಗೆ ಇದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

"ನಿಮಗೂ ಬೆಳ್ಳಗೆ ಕಾಣತ್ತಾ?" ಎಂದಳು.

"ಬೆಳ್ಳಗಿರೋದು ಬೆಳ್ಳಗೆ ಕಾಣದೆ ಇನ್ನೇನು ಕಾಣತ್ತೆ? ಹಳೇದು ಗಾಜಿನ ಥರ ಮಿಂಚ್ತಿತ್ತು. ಇದು ಸೀಮೆಸುಣ್ಣದ ಥರ. ನೂಲು ನಿಮ್ಮ ಕಾರ್ಖಾನೇದೇ ಅಂದ ಅಂಗಡಿಯವನು. ನಮ್ಮನೆ ಮಾಲು ಅಂತ ಜಂಬದಿಂದ ತಂದಿದೀನಿ."

"ಮೇಜಿನ ಮೇಲೆ ಇಡಬೇಡ, ಬೆಣ್ಣೆ ಹತ್ತತ್ತೆ," ಎಂದು ಅವಳ ಗಂಡ ಪತ್ರಿಕೆಯಿಂದ ತಲೆಯೆತ್ತದೆ ಹೇಳಿದ. ಅಲ್ಲಿಗೆ ಮನೆಯವರ ಮಟ್ಟಿಗೆ ಮಾತು ಮುಗಿಯಿತು. ಮೈದುನ ಪಟ್ಟಿಯನ್ನು ಚೀಲಕ್ಕೂ ಉಳಿದ ಬ್ರೆಡ್ಡನ್ನು ಬಾಯಿಗೂ ತುರುಕಿಕೊಂಡು ಹೊರಟೇಹೋದ. ಇವತ್ತೊಂದಿನ ಹಳೇದೇ ಕಟ್ಕೊಳ್ಳಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಯಾಕೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಯಾಕೆ ಎಂಬುದಕ್ಕೆ ಉತ್ತರ ಹೇಳಹೊರಟರೆ ಗಂಡನೂ ಪತ್ರಿಕೆ ಮಡಿಸುತ್ತಾನೆ. ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಕೆಳಗಿಳಿಯಿತು, ಬೀದಿಬಾಗಿಲು ಬಡಿಯಿತು, ಮಾತು ನಾಲಿಗೆಯ ಮೇಲೇ ಉಳಿಯಿತು. ಅವಳು ಬ್ರೆಡ್ಡನ್ನು ತಿನ್ನದೆ ಎದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಮೊದಲು ಬಲಗಣ್ಣು ಮುಚ್ಚಿದಳು, ಆಮೇಲೆ ಎಡಗಣ್ಣು. ಎದುರು ಸೀಟಿನ ಮುದುಕ ಅದನ್ನು ಕಣ್ಣು ಹೊಡೆದದ್ದೆಂದು ತಿಳಿದು ಟೋಪಿ ಸರಿಮಾಡಿಕೊಂಡ. ಎಡಗಣ್ಣಿಗೆ ಬೀದಿ ಬೀದಿಯ ಹಾಗೇ ಇತ್ತು. ಬಲಗಣ್ಣಿಗೆ ಅದೇ ಬೀದಿ ನೀರುಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಪೊರೆ ಶುರುವಾಗಿದೆ ಅಮ್ಮಾ, ಗಾಬರಿ ಬೀಳೋಂಥದ್ದಲ್ಲ, ತೆಗೆದುಬಿಟ್ರೆ ಆಯ್ತು, ಎಂದು ಎರಡು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಉಗುರು ಕತ್ತರಿಸುವ ವಿಷಯ ಹೇಳಿದಷ್ಟು ಹಗುರವಾಗಿ ಹೇಳಿದ್ದಳು. ಹೂಂ ಎಂದು ಚೀಟಿ ಮಡಿಸಿ ಕೈಚೀಲದ ಒಳಜೇಬಿಗೆ ಹಾಕಿದ್ದು, ಅದು ಇನ್ನೂ ಅಲ್ಲೇ ಇತ್ತು. ಗಂಡನಿಗೆ ಹೇಳಿರಲಿಲ್ಲ. ಹೇಳಿದರೆ ಅವನು ಒಳ್ಳೆಯತನದಿಂದಲೇ ಎಲ್ಲರಿಗೂ ಹೇಳುತ್ತಾನೆ. ಭೂತಗನ್ನಡಿಗೆ ಪೊರೆಯಂತೆ ಎಂದು ಊಟದ ಕೋಣೆಯಲ್ಲಿ ನಗುವುದನ್ನು ಅವಳು ಆಗಲೇ ಕೇಳಿಸಿಕೊಂಡುಬಿಟ್ಟಿದ್ದಳು. ನಗುವಿಗೆ ಮುಖಗಳನ್ನೂ ಹಂಚಿದ್ದಳು. ಅವತ್ತಿನಿಂದ ಸೂಕ್ಷ್ಮದರ್ಶಕದ ಮೇಲಿನ ಬಟ್ಟೆಯನ್ನು ಅವಳು ತೆಗೆದದ್ದು ಧೂಳು ಒರೆಸಲು ಮಾತ್ರ. ಎಳೆಯುವ ಯಂತ್ರ ಇದೆಯಲ್ಲ, ಅದು ಎಳೆದು ಹರಿದು ಅಂಕಿ ಹೇಳುತ್ತದಲ್ಲ, ಅಂಕಿ ಸರಿಯಿದ್ದ ಮೇಲೆ ಒಳಗೆ ಸರಿಯಿಲ್ಲದೆ ಇರುತ್ತದೆಯೆ. ವರದಿಯ ಕೊನೆಯ ಸಾಲಿನಲ್ಲಿ 'ಒಳರಚನೆ ಸರಿ' ಎಂದು ಬರೆಯುವಾಗ ಪೆನ್ನು ಒಂದು ಸಲವೂ ತಡವರಿಸಲಿಲ್ಲ. ಮೊದಲ ಸಲ ಸ್ವಲ್ಪ ಬೆವತಿದ್ದಳು, ಅಷ್ಟೆ.

ಮ್ಯಾನೇಜರು ಹಿಂದಿನ ತಿಂಗಳ ಒಂದು ಸೋಮವಾರದ ಸಭೆಯಲ್ಲಿ ಆ ಪಟ್ಟಿಯ ನೂಲಿನ ಬ್ಯಾಚಿನ ಅಂಕಿಯನ್ನು ಎರಡು ಸಲ ಓದಿದ್ದ. ಇಷ್ಟು ಶಕ್ತಿಯ ನೂಲು ಈ ಕಾರ್ಖಾನೆಯಿಂದ ಹಿಂದೆಂದೂ ಬಂದಿರಲಿಲ್ಲ. ಆರು ತಿಂಗಳ ಹಿಂದೆ ಬಂದವನು, ಉತ್ಸಾಹದ ಮನುಷ್ಯ, ಯಾರು ಏನೇ ತಕರಾರು ತಂದರೂ ಸಂಖ್ಯೆ ಸುಳ್ಳು ಹೇಳಲ್ಲ ಅನ್ನುವವನು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಯಂತ್ರ ಎರಡು ಅಂಕಿ ಕೊಡುತ್ತದೆ: ಎಷ್ಟು ಭಾರಕ್ಕೆ ಹರಿಯಿತು, ಹರಿಯುವ ಮೊದಲು ಎಷ್ಟು ಹಿಗ್ಗಿತು. ಎರಡನೆಯದನ್ನು ಯಾರೂ ಓದುವುದಿಲ್ಲ, ಅವಳು ಓದುತ್ತಾಳೆ. ಯಾವಾಗಲೂ ನೂರಕ್ಕೆ ಹದಿನಾಲ್ಕರ ಆಚೀಚೆ ಹಿಗ್ಗುವ ನೂಲು ಅವತ್ತು ಒಂಬತ್ತಕ್ಕೇ ಹರಿದಿತ್ತು. ಎಂಟರ ಮೇಲಿದ್ದರೆ ಸಾಕು ಎಂದು ಕಾಗದ ಹೇಳುತ್ತದೆ, ಸರಿ. ಆದರೆ ಲಡಿಯನ್ನು ಬೆಳಕಿಗೆ ಹಿಡಿದಾಗ ಅದು ಹೊಳೆಯಲಿಲ್ಲ. ಹಾಲಿನ ಕೆನೆಯ ಹಾಗೆ ಮಂಕಾಗಿ, ಮೃದುವಾಗಿ, ಸುಂದರವಾಗಿಯೇ ಕಂಡಿತು. ಅವಳು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡಳು. ಮತ್ತೂ ಹಾಲು. ಅಯ್ಯೋ, ಇದು ನೂಲಿನದಲ್ಲ, ನನ್ನ ಕಣ್ಣಿನದು ಅಂದುಕೊಂಡಳು, ಸಹಿ ಹಾಕಿದಳು. ಈಗ ಆ ಹಾಲನ್ನು ಮೈದುನ ಕಂಡಿದ್ದ. ಅವನ ಕಣ್ಣು ಹದ್ದಿನ ಕಣ್ಣು. ಆರನೇ ಮಹಡಿಯಿಂದ ಕೆಳಗೆ ಬಿದ್ದ ಗುಂಡಿಯ ಬಣ್ಣ ಹೇಳುವವನು.

ಪರೀಕ್ಷಾಕೋಣೆಯ ಕಪಾಟಿನಲ್ಲಿ ಪ್ರತಿ ಬ್ಯಾಚಿನದೂ ಒಂದೊಂದು ಲಡಿಯನ್ನು ವರ್ಷಕಾಲ ಇಟ್ಟಿರುತ್ತಾರೆ. ಅವಳು ಕೋಟು ಬಿಚ್ಚುವ ಮೊದಲೇ ಆ ಲಡಿ ತೆಗೆದು, ಕೂದಲಿಗಿಂತ ತೆಳುವಾದ ಒಂದು ಎಳೆಯನ್ನು ಬೇರ್ಪಡಿಸಿ, ಗಾಜಿನ ಮೇಲಿಟ್ಟು, ಎಣ್ಣೆಯ ತೊಟ್ಟು ಬಿಟ್ಟು, ದೀಪ ಹಾಕಿದಳು. ಒಂದೇ ಕೊಳವೆಯ ಹಳೆಯ ಸೂಕ್ಷ್ಮದರ್ಶಕ. ಬಲಗಣ್ಣು ಇಟ್ಟರೆ ಸ್ನಾನದ ಮನೆಯ ಕನ್ನಡಿ: ಆವಿ, ಆವಿಯ ಹಿಂದೆ ಯಾರೋ ಇದ್ದಾರೆ ಎಂಬ ಅನುಮಾನ. ತಿರುಪು ಹಿಂದೆ ಮುಂದೆ ತಿರುಗಿಸಿದಳು, ಬೈದಳು, ನೀರು ಬಂದ ಕಣ್ಣನ್ನು ಒರೆಸಿಕೊಂಡಳು. ಆಮೇಲೆ, ಏನೋ ಹೊಳೆದು ಅಲ್ಲ, ಕತ್ತು ನೋಯುತ್ತಿತ್ತೆಂದು ತಲೆಯನ್ನು ಈಚೆಗೆ ವಾಲಿಸಿದಾಗ ಎಡಗಣ್ಣು ತಾನಾಗಿ ಕೊಳವೆಯ ಮೇಲೆ ಬಂತು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಆ ಕಣ್ಣಿನಲ್ಲಿ ನೋಡಿರಲಿಲ್ಲ. ಎಲ್ಲ ಕಂಡಿತು, ಸ್ಫಟಿಕದಷ್ಟು ಸ್ಪಷ್ಟವಾಗಿ. ಎರಡು ತಿಂಗಳ ಸಂಕಟಕ್ಕೆ ಮದ್ದು ಮೂಗಿನ ಇನ್ನೊಂದು ಪಕ್ಕದಲ್ಲೇ ಇತ್ತು, ಎರಡು ಬೆರಳು ದೂರ. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯುವ ಮೊದಲೇ ಅವಳು ಎಳೆಯನ್ನು ನೋಡಿದಳು. ಒಳ್ಳೆಯ ಎಳೆ ಬೆಳಕು ಸೋಸುವ ಎರಡು ಅಡ್ಡಗಾಜುಗಳ ನಡುವೆ ಕತ್ತಲಲ್ಲಿ ಹೊಳೆಯುತ್ತದೆ, ಅಂಚಿನಿಂದ ನಡುವಿನವರೆಗೆ ಬಣ್ಣಗಳ ನೇರ ಗೆರೆ, ಎಲ್ಲೂ ಕಲೆಯಿಲ್ಲ. ಇದರಲ್ಲಿ ಬಣ್ಣವೂ ಇತ್ತು, ಬಣ್ಣದ ಮೇಲೆ ಅಡ್ಡಡ್ಡ ಸಣ್ಣ ಕಪ್ಪು ಗೀರುಗಳೂ ಇದ್ದವು, ಯಾರೋ ಬ್ಲೇಡಿನಲ್ಲಿ ಎಣಿಸುತ್ತ ಗೀರಿದ ಹಾಗೆ. ಒಂದೊಂದೂ ಒಂದು ಬಿರುಕು, ಬಿರುಕಿನ ಒಳಗೆ ಏನೂ ಇಲ್ಲ. ಬೆಳಕು ಆ ಏನೂ ಇಲ್ಲದ ಜಾಗಗಳಿಗೆ ತಾಗಿ ಚದುರುವುದಕ್ಕೇ ನೂಲು ಹಾಲಿನಂತೆ ಕಾಣುವುದು.

ಮೈದುನನಿಗೆ ಫೋನು ಮಾಡಿದಳು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಹಗ್ಗದ ಮೇಲಿರುವಾಗ ಅವನ ಫೋನು ಕೆಳಗೆ ಚೀಲದಲ್ಲಿರುತ್ತದೆಂದು ಗೊತ್ತಿದ್ದೂ ಇನ್ನೆರಡು ಸಲ ಮಾಡಿದಳು.

"ಶಕ್ತಿ ಜಾಸ್ತಿ ಇದ್ರೂ ತಪ್ಪಾ ಅಮ್ಮಾ?" ಎಂದ ಮ್ಯಾನೇಜರು. ಅವನ ಮೇಜಿನ ಮೇಲೆ ಸೋಮವಾರದ ಅಂಕಿ ದೊಡ್ಡಕ್ಷರದಲ್ಲಿ ಅಚ್ಚಾಗಿ ನಿಂತಿತ್ತು. "ಕಮ್ಮಿ ಇದ್ರೆ ಬೈತೀರಿ, ಜಾಸ್ತಿ ಇದ್ರೂ ಬೈತೀರಿ. ಸಂಖ್ಯೆ ಸುಳ್ಳು ಹೇಳಲ್ಲ."

"ಸುಳ್ಳು ಹೇಳ್ತಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದೆ. ಯಂತ್ರ ನಿಧಾನಕ್ಕೆ ಎಳೆಯತ್ತೆ. ಮನುಷ್ಯ ನಿಧಾನಕ್ಕೆ ಬೀಳಲ್ಲ."

ಅವನು ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದ. ಅವಳು ನಿಂತೇ ಹೇಳಿದಳು. ತರಬೇತಿಗೆ ಬರುವ ಹುಡುಗಿಯರಿಗೆ ಎಷ್ಟೋ ಸಲ ಹೇಳಿದ ಪಾಠವೇ. ಕರಗಿದ ಪಾಲಿಯೆಸ್ಟರು ಸಣ್ಣ ತೂತುಗಳಿಂದ ಇಳಿಯುವಾಗ ಒಳಗಿನ ಅಣುಗಳ ಸರಪಳಿಗಳೆಲ್ಲ ಬೆಳಿಗ್ಗೆ ಎದ್ದವರ ತಲೆಗೂದಲು. ಬಿಸಿ ಉರುಳೆಗಳ ಮೇಲೆ ಎಳೆದರೆ ಬಾಚಿದ ಹಾಗೆ ಸಾಲಾಗುತ್ತವೆ. ಸಾಲಾದವು ಒತ್ತೊತ್ತಾಗಿ ಕೂತು ಹರಳುಗಟ್ಟುತ್ತವೆ, ಬಲ ಬರುವುದು ಅದರಿಂದ. ಹರಳಿಗೂ ಹರಳಿಗೂ ನಡುವೆ ಕೆಲವು ಸಡಿಲವಾಗಿ ಉಳಿಯುತ್ತವೆ, ಹಿಗ್ಗುವುದು ಅವು. ಧಡಕ್ಕನೆ ಭಾರ ಬಿದ್ದಾಗ ಪೆಟ್ಟು ನುಂಗಿಕೊಳ್ಳುವುದೂ ಅವೇ. "ನೀವು ಉರುಳೆ ಜೋರು ಮಾಡಿದ್ರಿ. ಐದು ಪಟ್ಟು ಎಳೀಬೇಕಾದ್ದನ್ನ ಆರು ಪಟ್ಟು ಎಳೆದ್ರಿ. ಸಡಿಲ ಇದ್ದದ್ದೆಲ್ಲ ಬಿಗಿ ಆಗೋಯ್ತು. ಅದಕ್ಕೇ ನಿಮ್ಮ ಸಂಖ್ಯೆ ಮೇಲೆ ಹೋಗಿದ್ದು. ಬಿಗಿ ಆಗೋಕೂ ಜಾಗ ಇಲ್ಲದ ಕಡೆ ಒಳಗೇ ಬಿರಿದಿದೆ. ಬನ್ನಿ, ತೋರಿಸ್ತೀನಿ."

"ಬಿರಿದಿದ್ರೆ ಅವತ್ತೇ ಕಾಣಬೇಕಿತ್ತಲ್ಲ." ಅವನು ವರದಿ ತೆಗೆದ. "ಒಳರಚನೆ ಸರಿ. ಇದು ನಿಮ್ಮ ಸಹಿ."

ಬರುವಾಗ ಕಾರಿಡಾರಿನುದ್ದಕ್ಕೂ ಅವಳು ಇದಕ್ಕೆ ಉತ್ತರ ಹೊಂದಿಸಿಕೊಂಡೇ ಬಂದಿದ್ದಳು. ದೀಪ ಮಂಕಾಗಿತ್ತು. ತೆಗೆದ ಎಳೆ ಒಳ್ಳೆಯದೇ ಇತ್ತು, ಸಾವಿರದಲ್ಲಿ ಒಂದು ಹಾಗೂ ಇರುತ್ತದೆ. ಎರಡೂ ನಂಬುವಂಥವು, ಎರಡನೆಯದಂತೂ ಪುಸ್ತಕದಲ್ಲೇ ಇದೆ. ಬಾಯಿ ತೆರೆದಾಗ ಬೇರೆಯೇ ಬಂತು. "ನೋಡಿರ್ಲಿಲ್ಲ. ಕಣ್ಣಿಗೆ ಪೊರೆ ಬಂದಿದೆ. ನೋಡದೇನೇ ಬರೆದೆ."

"ಎಷ್ಟು ದಿನದಿಂದ?"

"ಎರಡು ತಿಂಗಳು. ಹನ್ನೊಂದು ಬ್ಯಾಚು."

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ತಾಯಿಯ ವಯಸ್ಸಿನವಳು ಎದುರಿಗೆ ನಿಂತು ತಪ್ಪೊಪ್ಪಿಕೊಂಡರೆ ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಕಿಟಕಿ ನೋಡಿದ. ಅವಳಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು. "ಮೇಲಿನವರ ಹತ್ರ ಮಾತಾಡ್ತೀನಿ," ಎಂದ. "ನಾಳೆ ಕೂತು ಏನು ಮಾಡೋದು ಅಂತ..."

"ನನ್ನ ಮೈದುನ ಈಗ ಅದರಲ್ಲಿ ನೇತಾಡ್ತಿದಾನೆ."

ಅವನು ಕಾರಿನ ಕೀಲಿ ಹುಡುಕಿದ. ಕೀಲಿ ಅವನ ಕೈಯಲ್ಲೇ ಇತ್ತು.

ಕಾರು ಹತ್ತಿ ಬೆಲ್ಟು ಎಳೆದುಕೊಂಡವನು ಅದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. "ಇದೂ ನಮ್ಮ ನೂಲೇನಾ?"

"ಅಲ್ಲ, ಬೇರೆಯವರದು."

"ಸದ್ಯ," ಎಂದು ಉಸಿರುಬಿಟ್ಟ. ಆಮೇಲೆ ತಾನೇನು ಅಂದೆನೆಂದು ತಿಳಿದು ಕಿವಿ ಕೆಂಪಾಗಿಸಿಕೊಂಡ. ಎರಡು ಸಿಗ್ನಲ್ ದಾಟಿದರು. ಮೂರನೆಯದರಲ್ಲಿ ಕೆಂಪು ದೀಪ. ಮೈದುನ ಎರಡು ವಾರಕ್ಕೆಂದು ಅವರ ಮನೆಗೆ ಬಂದವನು, ಹನ್ನೊಂದು ವರ್ಷವಾಯಿತು. ಎರಡನೇ ವರ್ಷ ಒಂದು ಭಾನುವಾರ ಅಡುಗೆಮನೆಯಲ್ಲಿ ಅವಳು ಗಂಡನಿಗೆ, ನಿಮ್ಮ ತಮ್ಮನ ಎರಡು ವಾರ ಯಾವಾಗ ಮುಗಿಯತ್ತೆ, ನಾವಿಬ್ಬರೇ ಅಂತ ಇರೋದು ಇನ್ನು ಸತ್ತ ಮೇಲೇನಾ ಎಂದು ಕೇಳಿದಳು, ಕೇಳಿ ತಿರುಗಿದರೆ ಬಾಗಿಲಲ್ಲಿ ಅವನು, ಕೈಯಲ್ಲಿ ಖಾಲಿ ಲೋಟ. ನೀರಿಗೆ ಬಂದೆ ಎಂದ. ಕುಡಿದು, ಲೋಟ ತೊಳೆದು, ಒರೆಸಿ, ಬೋರಲು ಹಾಕಿ ಹೋದ. ಮನೆ ಬಿಟ್ಟು ಹೋಗಲಿಲ್ಲ, ಎಲ್ಲಿಗೆ ಹೋಗುತ್ತಾನೆ. ಆದರೆ ಅವತ್ತಿನಿಂದ ತನ್ನ ತಟ್ಟೆ ತಾನೇ ತೊಳೆದ, ಬಾಗಿಲ ಹತ್ತಿರ ಬರುವಾಗ ಕೆಮ್ಮಿದ. ಅವಳೂ ಅವತ್ತಿನಿಂದ ಅವನನ್ನು ನೀವು ಎಂದಳು. ಅದುವರೆಗೂ ಏನೋ ಮಹರಾಯ, ಬಾರೋ ಹೋಗೋ ಎಂದದ್ದು ನಿಂತೇಹೋಯಿತು. ಒಳ್ಳೆಯ ಅತ್ತಿಗೆ, ಒಂದು ಮಾತು ಎತ್ತಿ ಆಡಿದವಳಲ್ಲ ಎಂದು ಗಂಡನ ಕಡೆಯವರೆಲ್ಲ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಅವಳಿಗೆ ಆ ಬೋರಲು ಲೋಟ ಕಾಣುತ್ತದೆ. ಹಿಂದಿನ ಗಾಡಿ ಹಾರ್ನ್ ಹೊಡೆಯಿತು. ದೀಪ ಯಾವಾಗಲೋ ಹಸಿರಾಗಿತ್ತು.

ಆ ವಾರ ಕೆಲಸವಿದ್ದ ಕಟ್ಟಡದಲ್ಲಿ ಮೈದುನ ಏಳನೇ ಮಹಡಿಯ ಮಟ್ಟದಲ್ಲಿದ್ದ. ಕೆಳಗಿನಿಂದ ಗಾಜಿಗಂಟಿದ ಹುಳುವಿನಷ್ಟು, ನಡುವಿಗೆ ಒಂದು ಬಿಳಿ ಗೆರೆ. ಅವಳು ಎರಡೂ ಕೈ ಎತ್ತಿ ಬೀಸಿದಳು. ಅವನು ನೋಡಿದ, ಗುರುತು ಹಿಡಿದ, ಅತ್ತಿಗೆ ಕೆಲಸ ಬಿಟ್ಟು ತನ್ನನ್ನು ನೋಡಲು ಬಂದದ್ದು ಇದೇ ಮೊದಲೆಂದು ಖುಷಿಯಾಗಿ ತಾನೂ ಕೈ ಬೀಸಿದ. ಅಷ್ಟಕ್ಕೇ ನಿಲ್ಲಿಸದೆ ಗಾಜಿಗೆ ಕಾಲೊದೆದು, ಉಯ್ಯಾಲೆಯ ಹಾಗೆ ಆಚೆಗೆ ಜಿಗಿದು, ಮತ್ತೆ ಬಂದು ಗಾಜಿಗೆ ತಾಗಿದ. ಇಳೀರಿ ಎಂದು ಕೂಗಿದಳು. ದನಿ ಎರಡನೇ ಮಹಡಿ ದಾಟಲಿಲ್ಲ. ಕಾವಲಿನವನು ಏನು ವಿಷಯ ಎಂದು ಬಂದ. ಮ್ಯಾನೇಜರು ಅವನಿಗೆ ಪಾಲಿಯೆಸ್ಟರಿನ ಹರಳು ಮತ್ತು ಸಡಿಲದ ವಿಷಯ ಹೇಳತೊಡಗಿದ. ಅವಳು ಕಾವಲಿನವನ ಕೊರಳಿನ ಸೀಟಿಯನ್ನೇ ಎಳೆದುಕೊಂಡು ಊದಿದಳು. ದಾರ ಅವನ ಕುತ್ತಿಗೆಯಲ್ಲೇ ಇದ್ದದ್ದರಿಂದ ಅವನೂ ಬಗ್ಗಿಕೊಂಡೇ ನಿಲ್ಲಬೇಕಾಯಿತು. ಬೀದಿಯ ಜನ ನಿಂತರು. ಮೈದುನ ಇಳಿಯತೊಡಗಿದ, ಆದರೆ ಅವನ ಪದ್ಧತಿಯಲ್ಲಿ: ಅರ್ಧ ಒರೆಸಿದ ಗಾಜು ಬಿಟ್ಟು ಬಂದರೆ ಕಲೆ ಉಳಿಯುತ್ತದೆಂದು ಏಳನೆಯದನ್ನು ಮುಗಿಸಿದ, ಐದನೆಯದರಲ್ಲಿ ಒಂದು ಮೂಲೆ ತೀಡಿದ. ಪ್ರತಿ ಸಲ ಹಗ್ಗ ಜಾರಿ ನಿಂತಾಗ ಆ ಬಿಳಿ ಪಟ್ಟಿ ಅವನ ಭಾರಕ್ಕೆ ಧಡಕ್ಕೆನ್ನುವುದನ್ನು ಅವಳು ಹಲ್ಲು ಕಚ್ಚಿ ಲೆಕ್ಕ ಹಾಕಿದಳು. ಕೊನೆಗೆ ಅವನ ಬೂಟು ನೆಲ ಮುಟ್ಟಿತು.

"ಏನಾಯ್ತು ಅತ್ತಿಗೆ, ಅಣ್ಣಂಗೇನಾದ್ರೂ..."

"ಅಣ್ಣ ಚೆನ್ನಾಗಿದಾರೆ. ಪಟ್ಟಿ ಬಿಚ್ಚಿ."

"ಇಲ್ಲೇನಾ? ಪ್ಯಾಂಟು ನಿಂತಿರೋದೇ ಇದರ ಮೇಲೆ."

"ಬಿಚ್ಚಿ," ಎಂದಳು. ಅವನು ಬಿಚ್ಚಿದ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪಟ್ಟಿ ಕೊಟ್ಟ. ಮ್ಯಾನೇಜರು ತನ್ನ ಬೆಲ್ಟು ಬಿಚ್ಚಿ ಅವನಿಗೆ ಕೊಟ್ಟ. ಆ ದಿನವೆಲ್ಲ ಆಮೇಲೆ ಮ್ಯಾನೇಜರು ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಓಡಾಡಿದ.

ಮಧ್ಯಾಹ್ನ ಗೋದಾಮಿನ ತೊಲೆಗೆ ಪಟ್ಟಿ ಕಟ್ಟಿ, ಮೈದುನನಷ್ಟೇ ತೂಕದ ಮರಳುಚೀಲವನ್ನು ಮಾರುದ್ದ ಮೇಲಿನಿಂದ ಬಿಟ್ಟರು. ಪಟ್ಟಿ ತಡೆಯಿತು. ಮ್ಯಾನೇಜರು ಅವಳ ಕಡೆ ನೋಡಿದ; ಮುಖದಲ್ಲಿ ಸೋಮವಾರ ಮರಳಿ ಬರುತ್ತಿತ್ತು. ತನ್ನ ಮಾತು ತಪ್ಪಾಗಿರಲಿ ಎಂದು ಬೇಡಿಕೊಳ್ಳಬೇಕಾದ ಆ ಗಳಿಗೆಯಲ್ಲಿ ಅವಳ ಮನಸ್ಸು ಹರಿಯಲಿ, ಹರಿಯಲಿ ಎಂದು ಬೇಡಿಕೊಂಡಿತು, ಬೇಡಿದ್ದಕ್ಕೆ ನಾಚಿತು. ಎರಡನೇ ಸಲ ಚೀಲ ಬಿಟ್ಟರು. ಪಟ್ಟಿ ಸಪ್ಪಳವೇ ಇಲ್ಲದೆ, ಬಿಸ್ಕತ್ತಿನ ಹಾಗೆ ಹೋಯಿತು. ಚೀಲ ನೆಲಕ್ಕೆ ಬಿದ್ದು ಒಡೆದು ಮರಳು ಮ್ಯಾನೇಜರ ಬೂಟಿನ ಮೇಲೆ ಹರಡಿತು. ಆಮೇಲೆ ಬೇರೊಂದು ಚೀಲಕ್ಕೆ ಮನೆಯಿಂದ ತರಿಸಿದ ಮೈದುನನ ಹಳೆಯ ಪಟ್ಟಿ ಕಟ್ಟಿದರು. ಅದು ಏಳು ಸಲ ತಡೆಯಿತು, ಎಂಟನೆಯದಕ್ಕೆ ಚೀಲ ಎತ್ತುವ ಹಮಾಲನೇ ಸಾಕಪ್ಪಾ ಎಂದು ಕೂತ. ಮೈದುನ ಮರಳನ್ನೇ ನೋಡುತ್ತಿದ್ದ. ಎರಡನೇ ಸಲ ಎಂದ, ಯಾರಿಗೂ ಅಲ್ಲ.

ಆ ನೂಲಿನ ಪಟ್ಟಿಗಳು ಒಟ್ಟು ನಲವತ್ತೊಂದು ಮಾರಾಟವಾಗಿದ್ದವು. ಮ್ಯಾನೇಜರು ತಾನೇ ಫೋನು ಹಿಡಿದು ಕೂತು ಸಂಜೆಯೊಳಗೆ ಮೂವತ್ತೆಂಟು ವಾಪಸು ಕರೆಸಿದ. ಉಳಿದ ಮೂರು ಮಾರನೇ ದಿನ ಬಂದವು, ಅದರಲ್ಲಿ ಒಂದನ್ನು ಯಾರೋ ನಾಯಿ ಕಟ್ಟಲು ಬಳಸಿದ್ದರು. ಉರುಳೆಯ ವೇಗ ಇಳಿಯಿತು, ಇಳಿಸುವಾಗ ಇದು ತನ್ನದೇ ತಪ್ಪು ಎಂದು ಅವನು ಎಲ್ಲರೆದುರು ಹೇಳಿದ, ಅವಳಿಗಿಂತ ಮೊದಲೇ ಹೇಳಿಬಿಟ್ಟ. ಇನ್ನುಳಿದ ಹತ್ತು ಬ್ಯಾಚುಗಳನ್ನು ಅವಳು ಎಡಗಣ್ಣಿನಲ್ಲಿ ಮತ್ತೆ ನೋಡಿದಳು, ನಾಲ್ಕು ದಿನ ಹಿಡಿಯಿತು. ಸಾಕ್ಷಿಗೆಂದು ಪಕ್ಕದಲ್ಲಿ ಇನ್ನೊಬ್ಬಳನ್ನು ಕೂರಿಸಿದ್ದರು, ಅವಳೇ ಕೆಲಸ ಕಲಿಸಿದ ಹುಡುಗಿ. ಹತ್ತೂ ಸರಿಯಿದ್ದವು. ಆ ತಿಂಗಳ ಕೊನೆಗೆ ಪೊರೆ ತೆಗೆಸಿಕೊಂಡಳು. ಊಟದ ಕೋಣೆಯಲ್ಲಿ ನಕ್ಕರಂತೆ, ಒಂದು ದಿನ, ಅಷ್ಟೇನೂ ಅಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಬಿಸಿಲಿರುವಾಗಲೇ ಅತ್ತಿಗೆ ಮೈದುನ ಕಾರ್ಖಾನೆಯ ಹೊರಗೆ ಬಸ್ಸಿಗೆ ನಿಂತಿದ್ದರು. ಅವಳು ಕಣ್ಣಿನ ವಿಷಯವನ್ನೆಲ್ಲ ಹೇಳಿದಳು, ಸಹಿ ಹಾಕಿದ್ದನ್ನೂ, ಬೆಳಿಗ್ಗೆ ಬಾಯಿ ಬಿಡದೆ ಉಳಿದದ್ದನ್ನೂ. ಹೇಳಿ ಮುಗಿಸಿ, ಬಯ್ಯಿರಿ ಎಂಬಂತೆ ನಿಂತಳು. ಮೈದುನ ಬೂಟಿನ ತುದಿಯಲ್ಲಿ ಒಂದು ಕಲ್ಲನ್ನು ಆಚೆ ಈಚೆ ಮಾಡುತ್ತಿದ್ದ.

"ನಾನೂ ಒಂದು ಹೇಳ್ಲಾ ಅತ್ತಿಗೆ? ಬಯ್ಯಬಾರದು."

"ಹೇಳಿ."

"ನಮಗೆ ಎರಡು ಹಗ್ಗ ಇರತ್ತೆ. ಒಂದು ಕೆಲಸಕ್ಕೆ. ಇನ್ನೊಂದು, ಪಟ್ಟಿ ಹರಿದ್ರೆ ಹೆಗಲಿಂದ ಹಿಡ್ಕೊಳೋಕೆ. ಅದನ್ನ ಪ್ರತಿ ಮಹಡಿಗೂ ಬಿಚ್ಚಿ ಕಟ್ಟಬೇಕು, ತಡ ಆಗತ್ತೆ. ಒಂದು ತಿಂಗಳಿಂದ ನಾನು ಅದನ್ನ ಕಟ್ಕೊಳ್ತಿಲ್ಲ."

"ಇವತ್ತು?"

"ಇವತ್ತೂ ಇರ್ಲಿಲ್ಲ."

ಅವಳಿಗೆ ಮೊದಲು ಕೇಳಿಸಲಿಲ್ಲ. ಅಥವಾ ಕೇಳಿಸಿದ್ದು ಕಿವಿಯಿಂದ ಕೆಳಗಿಳಿಯಲು ಹೊತ್ತು ಹಿಡಿಯಿತು. ಏಳನೇ ಮಹಡಿ, ಗಾಜಿಗೆ ಕಾಲೊದ್ದು ಆಚೆಗೆ ಜಿಗಿದದ್ದು, ಐದನೇ ಮಹಡಿಯ ಮೂಲೆ ತೀಡಿದ್ದು. ಆಮೇಲೆ ಅವಳ ಬಾಯಿ ತೆರೆಯಿತು. "ನಿನಗೆ ಬುದ್ಧಿ ಇದೆಯೇನೋ? ತಲೇಲಿ ಏನಿಟ್ಕೊಂಡಿದೀಯ, ಸೋಪಿನ ನೀರಾ? ನಾನು ಕುರುಡಿ, ಒಪ್ಕೋತೀನಿ, ನಿನಗೆ ಕಣ್ಣು ನೆಟ್ಟಗಿದೆಯಲ್ಲ, ಏಳು ಮಹಡಿ ಕೆಳಗೆ ನೆಲ ಇರೋದು ಕಾಣಲ್ವಾ? ನೀನು ಬಿದ್ರೆ ಬೆಳಿಗ್ಗೆ ಎದ್ದು ನಾನು ಯಾರ ಮುಖ ನೋಡ್ಲಿ? ಹನ್ನೊಂದು ವರ್ಷ ಸಾಕಿದೀನಿ ನಿನ್ನ, ಗಾಜು ಒರೆಸೋಕೆ ಸಾಯಿ ಅಂತಾನಾ?" ಬಸ್ಸಿಗೆ ನಿಂತಿದ್ದ ಇಬ್ಬರು ಹೆಂಗಸರು ಸರಿದು ಜಾಗ ಮಾಡಿಕೊಟ್ಟರು. ಅವಳ ದನಿ ಅವಳಿಗೇ ಹೊಸದಾಗಿತ್ತು. ಎಲ್ಲಿತ್ತೋ ಇಷ್ಟು ದಿನ, ಒಂದರ ಹಿಂದೆ ಒಂದು ಬರುತ್ತಲೇ ಇತ್ತು, ಅವನ ಒದ್ದೆ ಕಾಲುಚೀಲ, ಬಾಗಿಲಲ್ಲಿ ಕೆಮ್ಮುವ ಚಾಳಿ, ತಿಂದ ತಟ್ಟೆಯನ್ನು ತಾನೇ ತೊಳೆದು ಅವಳನ್ನು ದಿನಕ್ಕೆ ಮೂರು ಸಲ ಅವಮಾನ ಮಾಡುವುದು.

"ಅತ್ತಿಗೆ, ಬಸ್ಸು ಬಂತು," ಎಂದ ಮೈದುನ ಮೆಲ್ಲಗೆ.

"ಬರ್ಲಿ. ನಿಂತ್ಕೋ ನೀನು. ಇನ್ನೂ ಮುಗಿದಿಲ್ಲ."

ಬಸ್ಸು ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾದು, ಹೊರಟುಹೋಯಿತು. ಮೈದುನ ಚೀಲವನ್ನು ಕೆಳಗಿಟ್ಟು, ಕೈಕಟ್ಟಿ, ಬಹಳ ದಿನದಿಂದ ಕಾದಿದ್ದ ಬಸ್ಸು ಸಿಕ್ಕವನ ಹಾಗೆ ಆರಾಮಾಗಿ ನಿಂತು ಕೇಳಿಸಿಕೊಂಡ.